ಮೈದಾಹಿಟ್ಟಿನ ಧರಾನ್

ಅವರ ಬಲಗೈಯ ತೋರುಬೆರಳು ತುದಿಯ ಗೆಣ್ಣಿನಲ್ಲಿ ಎಡಕ್ಕೆ ವಾಲಿತ್ತು. ಆ ಡೊಂಕು ಬೆರಳಿನಿಂದಲೇ ಅವರು ಮೊಮೊ ಲಟ್ಟಿಸುವ ಮಣೆಯ ಮೇಲೆ ಮೈದಾಹಿಟ್ಟು ಹರಡಿ, ನೇಪಾಳದಲ್ಲಿರುವ ತಮ್ಮ ಊರು ಧರಾನನ್ನು ಬಿಡಿಸುತ್ತಿದ್ದರು. ನಡುವೆ ಒಂದು ಚುಕ್ಕೆ, ಗಡಿಯಾರ ಗೋಪುರ. ಪೂರ್ವದ ಗೆರೆ ಸರ್ದು ಹೊಳೆ, ಪಶ್ಚಿಮದ್ದು ಸೇವ್ತಿ ಹೊಳೆ. ಒಲೆಯ ಕಡೆ ಯಾವಾಗಲೂ ಉತ್ತರ; ಅಲ್ಲಿ ಭೇಡೆತಾರ್ ಗುಡ್ಡಕ್ಕೆ ಏರುವ ದಾರಿ. ಊರು ಮುಗಿದ ಮೇಲೆ ಅದರ ಮೇಲೆಯೇ ಉಂಡೆ ಇಟ್ಟು ಲಟ್ಟಿಸುತ್ತಿದ್ದರು.

ನೈರೋಬಿಯ ಕಿಲೆಲೆಶ್ವಾದಲ್ಲಿ ಅವರದು ನಮ್ಮ ಎದುರಿನ ಫ್ಲ್ಯಾಟ್. ಇಂಡಿಯನ್ ಹೋಟೆಲೊಂದರಲ್ಲಿ ಅಡುಗೆಯವರು, ಸೋಮವಾರ ರಜೆ. ನೈರೋಬಿಗೆ ಬರುವ ಮುಂಚೆ ಹನ್ನೊಂದು ವರ್ಷ ಬೆಂಗಳೂರಿನಲ್ಲಿ ದುಡಿದಿದ್ದರಿಂದ ಕನ್ನಡ ಸಲೀಸಾಗಿತ್ತು. "ದಾಜು ಅನ್ನಿ ಸಾಕು. ನಮ್ಮಲ್ಲಿ ಅಣ್ಣಂಗೆ ಹಂಗೇ ಅನ್ನೋದು" ಎಂದಿದ್ದರು. ನನ್ನ ಹತ್ತು ವರ್ಷದ ತಂಗಿ ಮೊದಲ ದಿನವೇ ದಾಜು ಎಂದಳು. ಸ್ವಂತ ಅಣ್ಣನಾದ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದಳು.

ಹೊಟ್ಟೆ ಉರಿಸಿದ್ದು ಇನ್ನೊಂದು. ಇಲ್ಲೇ ಹುಟ್ಟಿದ ಅವಳಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಊಟ ಆಯ್ತಾ ಎಂದರೆ "ಆಲ್ರೆಡಿ ಏಟ್, ಅಸಾಂಟೆ" ಎಂದು ಇಂಗ್ಲಿಷಿಗೆ ಸ್ವಾಹಿಲಿಯ ಥ್ಯಾಂಕ್ಸ್ ಸೇರಿಸುವಳು. ಕಲಿಸುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟವನು ನಾನು. ದಿನಕ್ಕೆ ಐದು ಪದ, ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೆ. ಒಂದು ಸೋಮವಾರ ಎದುರುಮನೆಯ ಬಾಗಿಲಲ್ಲಿ ನಿಂತಾಗ ಒಳಗೆ ದಾಜು ಹೇಳುತ್ತಿದ್ದರು: "ಬೆರಳು ಗಡಿಯಾರದ ಹತ್ರ ಇಟ್ಟಿದೀನಿ. ಬುಢಾಸುಬ್ಬಾ ಗುಡಿಗೆ ನನ್ನ ನೀನೇ ಕರ್ಕೊಂಡ್ ಹೋಗು. ಇಂಗ್ಲಿಷಲ್ಲಿ ಹೇಳಿದ್ರೆ ನಂಗೆ ದಾರಿ ತಪ್ಪತ್ತೆ."

"ಬಲಕ್ ಹೋಗಿ ದಾಜು. ಗುಡ್ಡ ಹತ್ತಿ. ತುದಿ ಇಲ್ದಿರೋ ಬಿದಿರು ಬರತ್ತೆ. ಅಲ್ಲೇ!" ಎಂದಳು ತಂಗಿ.

ಆ ಸಂಜೆ ಅವರೊಡನೆ ಅವಳು ಆಡಿದ ಕನ್ನಡ ವಾಕ್ಯಗಳು ಇಪ್ಪತ್ತಮೂರು. ನನ್ನೊಡನೆ ಸೊನ್ನೆ. ಡೈರಿಯಲ್ಲಿ ಎರಡನ್ನೂ ಬರೆದುಕೊಂಡೆ.

ಮುಂದಿನ ಸೋಮವಾರ ಫೋನಿನಲ್ಲಿ ಉಪಗ್ರಹದ ನಕ್ಷೆ ತೆರೆದುಕೊಂಡೇ ಹೋದೆ. "ದಾಜು, ನೀವು ಹೇಳಿದ ಹನ್ನೆರಡು ಜಾಗದಲ್ಲಿ ನಾಲ್ಕು ತಪ್ಪು. ಸೇವ್ತಿ ದಡ ಬಯಲು ಅಂದ್ರಿ. ನೋಡಿ, ಬರೀ ಮನೆಗಳು." ತಂಗಿಗೆ ಕೇಳಲೆಂದೇ ಜೋರಾಗಿ ಹೇಳಿದೆ.

ಅವರು ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡರು. ತಾರಸಿಗಳ ಮೇಲೆ ಬಹಳ ಹೊತ್ತು ಬೆರಳಾಡಿಸಿದರು. "ಇಲ್ಲೇ ಇರ್ಬೇಕು ನಮ್ಮನೆ. ಮುಂದೆ ಬಯಲಿತ್ತಲ್ಲ, ಅದೇ ಗುರುತು" ಎಂದರು. ಸಿಗಲಿಲ್ಲ.

ತಂಗಿ ನನ್ನತ್ತ ತಿರುಗಿದಳು. "ನೀನ್ಯಾಕ್ ಬಂದೆ ಇಲ್ಲಿಗೆ? ದಾಜು ಊರು ಹಾಳ್ ಮಾಡ್ಬಿಟ್ಟೆ!" ಅವಳು ನನ್ನೊಡನೆ ಆಡಿದ ಮೊದಲ ಕನ್ನಡ ಅದು.

"ಬೈಬೇಡ ಪುಟ್ಟಿ. ಊರು ಬೆಳ್ದಿದೆ, ಅವನೇನ್ ಮಾಡ್ತಾನೆ?" ಎಂದ ದಾಜು ನನಗೊಂದು ಸ್ಟೂಲ್ ಎಳೆದರು. "ಕೂತ್ಕೊಳ್ಳಪ್ಪ. ಹೊಸ ರಸ್ತೆ ನೀನ್ ಹೇಳು, ನಾನ್ ಬರೀತೀನಿ." ನಾನು ನೋಡಿ ಹೇಳಿದೆ, ಅವರು ಬಿಡಿಸಿದರು. ತಂಗಿ ನನ್ನ ಕಡೆ ನೋಡಲಿಲ್ಲ.

ಕೆಲವು ತಿಂಗಳಲ್ಲಿ ಅವಳು ಮನೆಯಲ್ಲೂ ಕನ್ನಡದಲ್ಲೇ ಜಗಳವಾಡತೊಡಗಿದಳು. ಬ್ಯಾಂಕಿನಿಂದ ದಣಿದು ಬರುತ್ತಿದ್ದ ಅಮ್ಮ, "ನಿನ್ನ ಐದು ಪದ ಕೆಲ್ಸ ಮಾಡ್ತು ಕಣೋ" ಎಂದರು. ಬಂದವರ ಮುಂದೆಲ್ಲ ಅಮ್ಮ ನನ್ನನ್ನು ಹೊಗಳಿದಾಗಲೂ ನಾನು ತಿದ್ದಲಿಲ್ಲ.

ಒಪ್ಪಂದ ಮುಗಿದು ದಾಜು ಧರಾನಿಗೆ ಮರಳಿದರು. ಆರು ತಿಂಗಳಿಗೆ ಅವರ ಮಗನ ಸಂದೇಶ ಬಂತು: ಎದೆನೋವು, ಆಸ್ಪತ್ರೆ ಮುಟ್ಟಲಿಲ್ಲ. ತಂಗಿ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಿ, ಬಿಕ್ಕುತ್ತಲೇ ಅವರ ಕಥೆಗಳನ್ನೆಲ್ಲ ಹೇಳಿದಳು. ಒಂದು ಇಂಗ್ಲಿಷ್ ಪದ ಇರಲಿಲ್ಲ. ಆಗಲೂ ನನಗೆ ಹೊಟ್ಟೆಕಿಚ್ಚೇ ಆಯಿತು. ನಾನು ಸತ್ತರೆ ಇವಳು ಇಷ್ಟು ಹೇಳುವಳೇ ಎಂದು.

ಅಮ್ಮ ಅವಳ ತಲೆ ನೇವರಿಸುತ್ತ ನನ್ನ ಕಡೆ ನೋಡಿದರು. "ಎಷ್ಟ್ ಚೆನ್ನಾಗಿ ಕಲ್ಸಿದೀಯೋ!"

"ನಾನಲ್ಲಮ್ಮ" ಎಂದೆ. "ದಾಜು ಕಲ್ಸಿದ್ದು."