ಬಸಮ್ಮಜ್ಜಿಗೆ ಒಯ್ಯದ ತೆಂಗಿನಕಾಯಿ

ಕನ್ನಡಿಯ ಮುಂದೆ ನಿಂತಾಗ ನಾನು ಮೊದಲು ನೋಡಿಕೊಳ್ಳುವುದು ಕಣ್ಣಿನ ಬಿಳಿಯನ್ನು. ನರೆಗೂದಲಿನ ಚಿಂತೆ ಆಮೇಲೆ. ರಾಜ್ಯ ಒಂದಾದ ಮರುವರ್ಷ, ಸೊರಬದಲ್ಲಿ ಶಾಲಾ ಮಾಸ್ತರನಾಗಿದ್ದಾಗ, ನನಗೆ ಕಾಮಾಲೆಯಾಗಿತ್ತು. ಈ ಚಾಳಿ ಆಗ ಅಂಟಿಕೊಂಡದ್ದು.

ಶಿಕಾರಿಪುರದ ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ಲಿವರ್ ಊದಿದೆ. ಸುಮ್ಮನೆ ಮಲಗಿರಿ. ಬಹಳ ಜನರಿಗೆ ತಾನಾಗಿಯೇ ಇಳಿಯುತ್ತೆ" ಎಂದರು. ಮದ್ದೇ ಕೊಡದ ಡಾಕ್ಟರನ್ನು ನಂಬುವುದು ಹೇಗೆ? ಹೆಂಡತಿ ಶಾರದೆ ನನ್ನನ್ನು ಬಸ್ಸು ಹತ್ತಿಸಿ, ಬಳ್ಳಿಗಾವಿಯ ಬಸಮ್ಮಜ್ಜಿಯ ಮುಂದೆ ಕೂರಿಸಿದಳು.

ಅಜ್ಜಿ ನೆಲನೆಲ್ಲಿ ಅರೆದು, ಹಾಲಿನಲ್ಲಿ ಕದಡಿ, ಮೂರು ದಿನ ಬರಿಹೊಟ್ಟೆಗೆ ಕೊಡುತ್ತಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ಗುಣವಾದವರು ಒಂದು ತೆಂಗಿನಕಾಯಿ ಹಿಡಿದು ಬಂದು ಮುಖ ತೋರಿಸಿ ಹೋಗಬೇಕು, ಅಷ್ಟೇ. ಮಾಸ್ತರಿಕೆಯ ಚಟ ಬಿಡಬೇಕಲ್ಲ, "ಎಲ್ಲರಿಗೂ ವಾಸಿಯಾಗುತ್ತಾ ಅಜ್ಜಿ?" ಎಂದು ಕೇಳಿಬಿಟ್ಟೆ.

"ನಂಗೇನ್ ಗೊತ್ರೀ ಮಾಸ್ತರ್ರೇ? ವಾಸಿ ಆದೋರು ಬಂದು ಹೇಳ್ತಾರೆ. ಆಗದೋರು ಎಲ್ಲಿಂದ ಬಂದು ಹೇಳ್ಬೇಕು? ನಮ್ಮನೆಯವ್ರಿಗೂ ಇದೇ ಸೊಪ್ಪು ಕೊಟ್ಟಿದ್ದೆ. ಉಳೀಲಿಲ್ಲ."

ಶಾರದೆ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. ನಾನು ಕಣ್ಣು ಮುಚ್ಚಿ ಕುಡಿದೆ.

ಒಂದು ತಿಂಗಳು ಉಪ್ಪು, ಎಣ್ಣೆ, ಖಾರ ಇಲ್ಲದ ಪಥ್ಯ. ನನಗೆ ಆಸೆಯಾಗಬಾರದೆಂದು ಶಾರದೆಯೂ ಸಪ್ಪೆ ಗಂಜಿಯನ್ನೇ ಉಂಡಳು. ಹಳದಿ ಇಳಿಯಿತು. ಇಳಿಸಿದ್ದು ಸೊಪ್ಪೋ, ವಿಶ್ರಾಂತಿಯೋ, ಅವಳ ಸಪ್ಪೆ ಗಂಜಿಯೋ? ತಿಳಿಯಬೇಕಾದರೆ ನನ್ನಂಥವರು ಇಬ್ಬರಿರಬೇಕಿತ್ತು, ಒಬ್ಬ ಮದ್ದು ಕುಡಿದು ಇನ್ನೊಬ್ಬ ಕುಡಿಯದೆ. ಶಾರದೆಗೆ ಒಬ್ಬನೇ ಸಾಕುಸಾಕಾಗಿದ್ದ.

ಅಜ್ಜಿಗೆಂದು ತೆಂಗಿನಕಾಯಿ ತಂದಿಟ್ಟೆ. ಪರೀಕ್ಷೆ ಬಂತು, ರಜೆ ಬಂತು, ಎಲ್ಲಕ್ಕಿಂತ ಮೊದಲು ಸೋಮಾರಿತನ ಬಂತು. ಕಾಯಿ ಚಟ್ನಿಯಾಯಿತು. ಐದು ತಿಂಗಳ ಮೇಲೆ ಇನ್ನೊಂದು ಹಿಡಿದು ಹೋದೆ. ನನ್ನನ್ನು ಕಂಡದ್ದೇ ಅಜ್ಜಿ ಹೊಸ್ತಿಲ ಮೇಲೆ ಕುಸಿದು ಕೂತಳು.

"ನೀವೂ ಹೋದ್ರಿ ಅಂದ್ಕಂಡಿದ್ದೆ ರೀ. ದಾರಿ ನೋಡಿ ನೋಡಿ ಸಾಕಾಗಿ, ಸೊಪ್ಪು ಅರೆಯೋದೇ ಬಿಟ್ಬಿಟ್ಟೆ."

ನನಗೆ ನಾಚಿಕೆಯಾಯಿತು. ನನ್ನನ್ನು ಬೆಳಕಿಗೆ ಎಳೆದು, ಕಣ್ಣಿನ ರೆಪ್ಪೆ ಕೆಳಗೆ ಜಗ್ಗಿ ಅಜ್ಜಿ ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ತನ್ನ ಕಣ್ಣು ಒರೆಸಿಕೊಂಡಳು.

ನೆಲನೆಲ್ಲಿಯಿಂದ ಕಾಮಾಲೆ ಹೋಗುತ್ತದೆಯೇ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ನನಗೆ ಗೊತ್ತಿಲ್ಲ, ಡಾಕ್ಟರಿಗೆ ತೋರಿಸಿ ಎನ್ನುತ್ತೇನೆ. ಆದರೆ ಯಾರ ಕೈಯಿಂದ ಏನು ಕುಡಿದರೂ, ಬದುಕಿದ್ದರೆ ಒಮ್ಮೆ ಹೋಗಿ ಮುಖ ತೋರಿಸಿ ಬನ್ನಿ.