ಅಕ್ಕನ ಎಡಗೆನ್ನೆ

ಅಮ್ಮನ ಕಣ್ಣಿನ ಡಾಕ್ಟರು ಒಳ್ಳೆಯವರು, ಆದರೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. "ಬಲಗಣ್ಣು ಹೋಗಿದೆ. ಎಡಗಣ್ಣಲ್ಲಿ ಸ್ವಲ್ಪ ಉಳಿದಿದೆ, ಅದೂ ಹೆಚ್ಚು ದಿನ ನಿಲ್ಲಲ್ಲ. ಏನಾದ್ರೂ ನೋಡ್ಬೇಕು ಅಂತಿದ್ರೆ ಈಗ್ಲೇ ತೋರಿಸ್ಬಿಡಿ" ಎಂದರು. ತಿರುಪತಿಯೋ ಧರ್ಮಸ್ಥಳವೋ ಎಂದು ನಾನು ಮನಸ್ಸಿನಲ್ಲೇ ರಜೆ ಲೆಕ್ಕ ಹಾಕುತ್ತಿದ್ದೆ. ಆಟೋ ದೊಮ್ಮಲೂರು ಫ್ಲೈಓವರ್ ಹತ್ತುತ್ತಿದ್ದಾಗ ಅಮ್ಮ, "ನಿಮ್ಮಕ್ಕನ ಫೋಟೋ ತಂದ್ಕೊಡು" ಎಂದಳು.

ಅಕ್ಕ ಎಂದರೆ ನಾನು ನೋಡದ ಅಕ್ಕ. ನಾನು ಹುಟ್ಟುವ ಮೊದಲೇ, ಎರಡು ವರ್ಷ ತುಂಬುವ ಮುನ್ನ ಜ್ವರ ಬಂದು ಹೋದವಳು. ಆಗ ನಮ್ಮವರು ಹಲಸೂರಿನ ಒಂದು ಸೋರುವ ಬಾಡಿಗೆ ಮನೆಯಲ್ಲಿದ್ದರು. ಅಪ್ಪ, ಅಮ್ಮ ಇಬ್ಬರೂ ಮಗುವಿಗೆ ಹೊಸ ಫ್ರಾಕ್ ತೊಡಿಸಿ ಶಿವಾಜಿನಗರದ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ದಾರಿಯುದ್ದಕ್ಕೂ ಹೂವಿನವರು, ಹಣ್ಣಿನವರು, ಬುರ್ಖಾ ತೊಟ್ಟ ಹೆಂಗಸರು ಅವಳ ಕೆನ್ನೆ ಹಿಂಡಿ ಮುದ್ದಿಸಿದರಂತೆ. ಆ ವಾರವೇ ಜ್ವರ ಬಂತು. ಮಗು ಹೋದ ಮೇಲೆ ಅಪ್ಪನ ತಾಯಿ, ನಮ್ಮಜ್ಜಿ, ಒಂದೇ ಮಾತು ಹಿಡಿದುಕೊಂಡರು: "ದೃಷ್ಟಿಬೊಟ್ಟು ಇಡದೆ ಊರೆಲ್ಲ ಮೆರೆಸ್ಕೊಂಡು ಬಂದ್ಯಲ್ಲೇ."

ಇಟ್ಟಿದ್ದಳೋ ಇಲ್ಲವೋ ಅಮ್ಮನಿಗೆ ನೆನಪಿಲ್ಲ. ದಿನವೂ ಮಗುವಿನ ಎಡಗೆನ್ನೆಗೆ ಕಾಡಿಗೆ ಬೊಟ್ಟಿಡುತ್ತಿದ್ದವಳು. ಅವತ್ತು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಬಿಟ್ಟಳೋ, ಇಟ್ಟು ಒರೆಸಿದಳೋ, ಇಟ್ಟೇ ಇದ್ದಳೋ. ಅಜ್ಜಿ ಸಾಯುವವರೆಗೂ ಆ ಮಾತು ಬಿಡಲಿಲ್ಲ. ಅವರು ಸತ್ತ ಮೇಲೆ ಅಮ್ಮ ಅದನ್ನು ತನಗೆ ತಾನೇ ಹೇಳಿಕೊಳ್ಳತೊಡಗಿದಳು. ನನ್ನ ಎರಡೂ ಕೆನ್ನೆಗೆ, ಹಣೆಗೆ, ಅಂಗಾಲಿಗೆ ಬೊಟ್ಟಿಟ್ಟು ಬೆಳೆಸಿದಳು. ಶಾಲೆಯಲ್ಲಿ ನನ್ನನ್ನು ನೋಡಿ ಎಲ್ಲರೂ ನಗುತ್ತಿದ್ದರು.

ಉತ್ತರ ಇದ್ದದ್ದು ಆ ಒಂದು ಫೋಟೋದಲ್ಲಿ. ಪ್ರಿಂಟ್ ಕೈಗೆ ಬರುವ ಹೊತ್ತಿಗೆ ಮಗು ಇರಲಿಲ್ಲ. ಅಪ್ಪ ಅದನ್ನು ಸ್ಟುಡಿಯೋದಿಂದ ಮನೆಗೆ ತರಲೇ ಇಲ್ಲ. ನೇರವಾಗಿ ತಮ್ಮ ಲೈಬ್ರರಿಗೆ ಒಯ್ದರು.

ಅಪ್ಪ ದಂಡು ಪ್ರದೇಶದ ಒಂದು ಹಳೆಯ ಲೈಬ್ರರಿಯಲ್ಲಿ ಲೈಬ್ರರಿಯನ್ ಆಗಿದ್ದರು. ಮನೆ ಸೋರುತ್ತದೆಂದು ನಮ್ಮ ಸಂಸಾರದ ಫೋಟೋಗಳನ್ನೆಲ್ಲ ಅಲ್ಲಿನ ಕಪಾಟಿನಲ್ಲೇ ಇಟ್ಟಿದ್ದರು, ಅದೂ ಪ್ರತಿಯೊಂದರ ಬೆನ್ನಿಗೆ ಲೈಬ್ರರಿಯ ನೇರಳೆ ಸೀಲು ಒತ್ತಿ. ಸೀಲಿದ್ದರೆ ಯಾರೂ ಎತ್ತಿಕೊಂಡು ಹೋಗುವುದಿಲ್ಲ ಎಂಬುದು ಅವರ ನಂಬಿಕೆ. ನೆಂಟರು ಬಂದಾಗ ಮದುವೆ ಫೋಟೋ ಬೇಕೆಂದರೆ ಪುಸ್ತಕದ ಹಾಗೆ ಮನೆಗೆ ತಂದು ತೋರಿಸಿ, ವಾರದೊಳಗೆ ವಾಪಸ್ ಒಯ್ಯುತ್ತಿದ್ದರು. ನಮ್ಮ ಮನೆಯವರ ಮುಖವನ್ನು ನಾವೇ ಎರವಲು ಪಡೆಯಬೇಕಿತ್ತು! ಅಕ್ಕನ ಫೋಟೋ ಮಾತ್ರ ಎರವಲಿಗೂ ಇಲ್ಲ. ಅಮ್ಮ ಒಮ್ಮೆ ಕೇಳಿದ್ದಳಂತೆ. "ನೋಡಿ ಏನಾಗ್ಬೇಕು? ಕಾಡಿಗೆ ಇದ್ದಿದ್ರೆ ಜ್ವರ ಬರ್ತಿರ್ಲಿಲ್ವಾ?" ಎಂದರಂತೆ ಅಪ್ಪ. ದೃಷ್ಟಿಗಿಷ್ಟಿ ನಂಬದ ಮನುಷ್ಯ. ಬೊಟ್ಟು ಇತ್ತೆಂದು ಒಂದು ಮಾತು ಹೇಳಿದ್ದರೆ ಅಜ್ಜಿಯ ಬಾಯಿ ಮುಚ್ಚುತ್ತಿತ್ತು. ಯಾಕೆ ಹೇಳಲಿಲ್ಲ? ಹೇಳಿದರೆ ಬೊಟ್ಟನ್ನು ನಂಬಿದಂತಾಗುತ್ತದೆ ಎಂದೋ? ಅಥವಾ ಫೋಟೋದಲ್ಲಿ ಬೊಟ್ಟು ಇರಲಿಲ್ಲ ಎಂದೋ? ಈ ಯೋಚನೆ ಬಂದಾಗಲೆಲ್ಲ ಸತ್ತ ಅಪ್ಪನ ಮೇಲೆ ನನಗೆ ಕೆಟ್ಟ ಕೋಪ ಬರುತ್ತದೆ.

ನಿವೃತ್ತಿಯಾದ ಮೇಲೆ ಅಪ್ಪ ಆ ಫೋಟೋಗಳನ್ನೆಲ್ಲ ಪೆಟ್ಟಿಗೆ ಕಟ್ಟಿ ಇಂದಿರಾನಗರದ ಒಂದು ಸಂಗ್ರಹಾಲಯಕ್ಕೆ ಕೊಟ್ಟುಬಿಟ್ಟಿದ್ದರು. ಊರಿನ ಹಳೆಯ ಫೋಟೋಗಳನ್ನು ಕಾಪಾಡುವ ಸಂಸ್ಥೆ ಅದು. ಆಗಲೂ ಅಮ್ಮ ಸುಮ್ಮನಿದ್ದಳು. ಯಾಕಮ್ಮ ಎಂದು ಈಗ ಕೇಳಿದೆ. "ಕಣ್ಣಿದ್ದಾಗ ಧೈರ್ಯ ಇರ್ಲಿಲ್ಲ ಕಣೇ" ಎಂದಳು.

ಸಂಗ್ರಹಾಲಯಕ್ಕೆ ಹೋದರೆ ಕಟ್ಟಡ ರಿಪೇರಿ. ಪೆಟ್ಟಿಗೆಗಳೆಲ್ಲ ಕೆ.ಆರ್. ಪುರದ ಗೋದಾಮಿನಲ್ಲಿವೆ, ನಿಮ್ಮದಿನ್ನೂ ಸ್ಕ್ಯಾನ್ ಆಗಿಲ್ಲ, ಮುಂದಿನ ತಿಂಗಳು ಬನ್ನಿ ಎಂದರು. ಮುಂದಿನ ತಿಂಗಳು! ಅಮ್ಮ ಆಗಲೇ ಹಾಡಹಗಲಲ್ಲಿ ಲೈಟ್ ಹಾಕು ಎನ್ನುತ್ತಿದ್ದಳು. ಅನ್ನದ ತಟ್ಟೆಯಲ್ಲಿ ಮೊಸರು ಎಲ್ಲಿದೆ ಎಂದು ಬೆರಳಿನಿಂದ ಹುಡುಕುತ್ತಿದ್ದಳು. ನಾನು ಎದುರು ನಿಂತರೆ, ದನಿ ಬರುವವರೆಗೂ ಯಾರೆಂದು ಗೊತ್ತಾಗದೆ ಕತ್ತು ವಾಲಿಸಿ ಕಾಯುತ್ತಿದ್ದಳು. ಮರುದಿನ ಮತ್ತೆ ಹೋಗಿ ಅಲ್ಲಿನ ಮೇಲ್ವಿಚಾರಕಿಯ ಎದುರು ಕೂತೆ. ನನ್ನದೇ ವಯಸ್ಸಿನವರು.

"ಒಂದೇ ದಿನಕ್ಕೆ ಕೊಡಿ ಮೇಡಂ. ನಮ್ಮಪ್ಪ ಕೊಟ್ಟ ಫೋಟೋ, ನಮ್ಮಮ್ಮ ಹೆತ್ತ ಮಗು."

"ಯಾರಿಗೂ ಹೊರಗೆ ಕೊಡಬಾರದು, ಮನೆಯವರಿಗೂ ಕೊಡಬಾರದು. ನಿಮ್ಮ ತಂದೆಯವರೇ ಹಾಕಿದ ಷರತ್ತು ಕಣ್ರೀ."

ನನಗೆ ನಗು ಬಂತು. ನಗುತ್ತಲೇ ಅಳತೊಡಗಿದೆ. ಸತ್ತು ಇಷ್ಟು ವರ್ಷವಾದರೂ ಆ ಮನುಷ್ಯ ಕೌಂಟರಿನ ಹಿಂದೆ ಕೂತು ಇಲ್ಲ ಎನ್ನುತ್ತಿದ್ದಾರಲ್ಲ! ಆ ಹೆಂಗಸು ನೀರು ಕೊಟ್ಟರು, ಬಾಗಿಲ ಕಡೆ ನೋಡಿದರು, ಆಮೇಲೆ ಬ್ಯಾಗ್ ಎತ್ತಿಕೊಂಡರು. "ಬನ್ನಿ ಗೋದಾಮಿಗೆ. ಫೋನಲ್ಲಿ ತಕ್ಕೊಳ್ಳಿ. ಒರಿಜಿನಲ್ ಮಾತ್ರ ಕೇಳ್ಬೇಡಿ."

ಗೋದಾಮಿನಲ್ಲಿ ಅವರು ಕೈಗವಸು ಹಾಕಿಕೊಂಡು ಪೆಟ್ಟಿಗೆ ತೆರೆದರು. ಮೇಲುಗಡೆ ಅಪ್ಪ ಅಮ್ಮನ ಮದುವೆ, ಹಲಸೂರು ಕೆರೆಯ ದಂಡೆ, ಬೊಟ್ಟುಗಳಿಂದ ತುಂಬಿದ ನನ್ನ ಮುಖ. ಕೆಳಗೆ, ನಮ್ಮಜ್ಜಿಯ ಒಂದು ದೊಡ್ಡ ಫೋಟೋದ ಅಡಿಯಲ್ಲಿ, ಅಕ್ಕ ಸಿಕ್ಕಳು. ಎತ್ತರದ ಸ್ಟೂಲಿನ ಮೇಲೆ ಕೂತು, ಬೀಳುತ್ತೇನೆಂಬ ಭಯದಲ್ಲಿ ಅಂಚು ಹಿಡಿದುಕೊಂಡಿದ್ದಾಳೆ. ಗುಂಡು ಮುಖ, ಅಮ್ಮನದೇ ತುಟಿ. ಎಡಗೆನ್ನೆಯ ಮೇಲೆ ಬೆರಳ ತುದಿಯಷ್ಟು ದೊಡ್ಡ ನೇರಳೆ ಕಲೆ.

ಅಜ್ಜಿಯ ಫೋಟೋದ ಬೆನ್ನಿಗೆ ಒತ್ತಿದ ಸೀಲಿನ ಶಾಯಿ ಅದು. ಹಸಿಯಾಗಿದ್ದಾಗಲೇ ಒಂದರ ಮೇಲೊಂದು ಇಟ್ಟುಬಿಟ್ಟಿದ್ದಾರೆ. ಶಾಯಿ ಆರುವ ಮುಂಚೆ ಪುಸ್ತಕ ಮುಚ್ಚಬಾರದು ಎಂದು ನನ್ನ ಕೈಗೆ ಹೊಡೆದು ಕಲಿಸಿದ ಅಪ್ಪ, ಪ್ರತಿ ಸೀಲಿಗೂ ಶಾಯಿ ಹೀರುವ ಒತ್ತುಕಾಗದ ಹಾಕುತ್ತಿದ್ದ ಅಪ್ಪ, ಆ ದಿನ ಒಂದು ಕ್ಷಣವೂ ಕಾಯದೆ ಆ ಮುಖವನ್ನು ಮುಚ್ಚಿಟ್ಟಿದ್ದಾರೆ. ಅವರಿಗೂ ಆ ಮುಖ ನೋಡಲಾಗಿರಲಿಲ್ಲ ಎಂದು ಹೊಳೆದು, ಅಷ್ಟು ಹೊತ್ತಿನಿಂದ ಅವರನ್ನು ಬೈದುಕೊಂಡು ಬಂದಿದ್ದ ನನ್ನ ಕೋಪ ಇಳಿಯಿತು. ಕಲೆಯ ಕೆಳಗೆ ಕಾಡಿಗೆ ಇದೆಯೋ ಬರಿಯ ಕೆನ್ನೆಯೋ, ಬೆಳಕಿಗೆ ಹಿಡಿದರೂ ಓರೆ ಮಾಡಿದರೂ ತಿಳಿಯಲಿಲ್ಲ. ಫೋನಿನಲ್ಲಿ ತೆಗೆದುಕೊಂಡೆ.

ದೊಡ್ಡದಾಗಿ ಪ್ರಿಂಟ್ ಹಾಕಿಸಲು ಶಿವಾಜಿನಗರಕ್ಕೇ ಹೋದೆ. ಅಕ್ಕನನ್ನು ಕೂರಿಸಿದ ಸ್ಟುಡಿಯೋ ಎಲ್ಲಿತ್ತೋ ಗೊತ್ತಿಲ್ಲ. ಆ ಬೀದಿಯ ತುಂಬ ಈಗ ಮೊಬೈಲ್ ಕವರ್. ಪ್ರಿಂಟಿನ ಅಂಗಡಿಯವರು ಕಂಪ್ಯೂಟರಿನಲ್ಲಿ ಮುಖ ಹಿಗ್ಗಿಸಿ, ಕಲೆಯ ಮೇಲೆ ಬೆರಳಿಟ್ಟು, "ಈ ದಾಗ್ ತೆಗೆದ್ಬಿಡ್ಲಾ ಅಮ್ಮಾ? ಎರಡು ನಿಮಿಷದ ಕೆಲಸ" ಎಂದರು.

"ತೆಗೆದ್ರೆ ಕೆಳಗೇನಿದೆ ಗೊತ್ತಾಗುತ್ತಾ?"

"ಅದ್ಹೆಂಗೆ ಗೊತ್ತಾಗುತ್ತೆ? ಪಕ್ಕದ ಕೆನ್ನೆ ತಂದು ಮುಚ್ಚೋದು ಅಷ್ಟೇ."

ತೆಗೆಸಿದರೆ ಕೆನ್ನೆ ಖಾಲಿ. ಅಜ್ಜಿ ಗೆದ್ದಂತೆ. ಬಿಟ್ಟರೆ ಎದ್ದು ಕಾಣುವ ನೇರಳೆ. ಪರದೆಯ ಮೇಲಿನ ಆ ಕೆನ್ನೆಯನ್ನು ಇನ್ನೊಮ್ಮೆ ನೋಡಿದೆ. ಆಮೇಲೆ, "ಏನೂ ತೆಗೀಬೇಡಿ, ಬ್ಲಾಕ್ ಅಂಡ್ ವೈಟಲ್ಲಿ ಹಾಕ್ಕೊಡಿ" ಎಂದೆ. ನೇರಳೆ ಕಪ್ಪಾಯಿತು.

ಮನೆಯಲ್ಲಿ ಅಮ್ಮನನ್ನು ಬಾಲ್ಕನಿಯ ಬಿಸಿಲಿಗೆ ಕೂರಿಸಿ ಫೋಟೋ ಕೈಗಿಟ್ಟೆ. ಎಡಗಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು. ಅಂಚಿನಿಂದ ಅಂಚಿಗೆ ಸರಿಸಿ ಸರಿಸಿ ಹುಡುಕಿದಳು. ಕೆನ್ನೆಗೆ ಬಂದಾಗ ನಿಂತಳು.

"ಇದೆ" ಎಂದಳು. "ಇದೆ ಅಲ್ವೇನೇ? ಇಲ್ಲಿ, ಕಪ್ಪಗೆ?"

"ಹೂಂ ಅಮ್ಮ. ಇದೆ."

"ಇಟ್ಟಿದ್ದೆ ಕಣೇ. ನಾನು ಇಟ್ಟಿದ್ದೆ!" ಅಮ್ಮನ ಮುಖ ಅರಳಿತು. ಅಷ್ಟು ಹಗುರಾದ ಅವಳ ಮುಖವನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಪಾಪವೋ ಪುಣ್ಯವೋ, ಗೆದ್ದೆ ಎಂದುಕೊಂಡೆ. ಕಾಫಿ ಮಾಡಲು ಎದ್ದೆ.

ಒಳಗೆ ಹಾಲು ಉಕ್ಕುತ್ತಿದ್ದಾಗ ಅಮ್ಮ ಕೂಗಿದಳು. ಓಡಿಬಂದೆ. ಫೋಟೋ ಮಡಿಲಲ್ಲಿತ್ತು. ಅಮ್ಮ ನನ್ನ ಕಡೆಗಲ್ಲ, ನಾನು ಇದ್ದೇನೆಂದುಕೊಂಡ ಕಡೆಗೆ ಮುಖ ತಿರುಗಿಸಿದ್ದಳು.

"ಇಟ್ಟಿದ್ನಲ್ಲೇ" ಎಂದಳು. "ಮತ್ಯಾಕೆ ಹೋದ್ಳು?"