ಚರ್ಚಿನ ನೆಲಮಾಳಿಗೆಯ ಸೋಬಾನೆ

ಸತ್ತವರ ದನಿ ಕೇಳಿಸಿತೆಂದು ಯಾರಾದರೂ ಹೇಳಿದರೆ ನಾನು ಮೆಲ್ಲಗೆ ಮಾತು ಬದಲಿಸುತ್ತಿದ್ದೆ. ಈಗ ಹಾಗೆ ಮಾಡಲಾರೆ. ನಡೆದದ್ದನ್ನು ನಡೆದಷ್ಟೇ ಹೇಳುತ್ತೇನೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ನಮ್ಮ ನ್ಯಾಮತಿಯ ಮನೆಯಲ್ಲಿ ಮದುವೆಯ ಸೋಬಾನೆಯನ್ನು ಒಬ್ಬರೇ ಹಾಡುವುದಿಲ್ಲ. ಒಬ್ಬರು ಒಂದು ಸಾಲು ಎತ್ತಿದರೆ ಇನ್ನೊಬ್ಬರು ಮುಂದಿನ ಸಾಲು ಹಿಡಿಯಬೇಕು. ನಮ್ಮವ್ವ ಮತ್ತು ಅವಳ ತಂಗಿ, ನನ್ನ ಚಿಗವ್ವ, ಹಾಗೆ ಜೋಡಿಯಾಗಿ ಹಾಡಿದವರು. ಅವ್ವ ತೀರಿಕೊಂಡ ಮೇಲೆ ಚಿಗವ್ವ ಹಾಡು ನಿಲ್ಲಿಸಿದಳು. ನನ್ನ ಮಗಳ ಮದುವೆ ಗೊತ್ತಾಯಿತು. ಅವಳಿಗೆ ಬೇಕಿದ್ದದ್ದು ಆ ಸೋಬಾನೆಯೊಂದೇ. ಎಷ್ಟು ಬೇಡಿಕೊಂಡರೂ ಚಿಗವ್ವ, "ಹಿಡಿಯೋರಿಲ್ದೆ ಹೆಂಗೆ ಎತ್ಲವ್ವ?" ಎಂದಳು.

ಮನಸ್ಸು ಹಗುರಾಗಲಿ ಎಂದು ಅವಳನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಬುತ್ತಿಗೆ ರೊಟ್ಟಿ, ಶೇಂಗಾ ಚಟ್ನಿ. ಟಿಕೆಟ್ ಇಲ್ಲದ ಜಾಗಗಳನ್ನಷ್ಟೇ ನೋಡುತ್ತ ಮಧ್ಯಾಹ್ನ ಅಲ್ಲಿನ ಹಳೆಯ ದೊಡ್ಡ ಚರ್ಚಿಗೆ ಬಂದೆವು.

ನೆಲಮಾಳಿಗೆಯಲ್ಲಿ ಗಾಜಿನ ಹಿಂದೆ ಸಂತ ಹೆಣ್ಣುಮಗಳೊಬ್ಬಳ ಮಲಗಿದ ಮೂರ್ತಿ. ಮದುವೆಯಾಗದೆ ತೀರಿಕೊಂಡವಳು ಎಂದು ಕಾವಲುಗಾರ ಹೇಳಿದ್ದೇ ತಡ, ಬೆಟ್ಟದ ದೇವಿಗೆಂದು ತಂದಿದ್ದ ಅಕ್ಕಿ, ಕೊಬ್ಬರಿ, ಅಡಿಕೆ ತೆಗೆದು ಚಿಗವ್ವ ಗಾಜಿನ ಮುಂದೆ ಉಡಿ ತುಂಬಲು ಕೂತಳು.

"ಅಜ್ಜಿ, ಇದು ಚರ್ಚು. ಇಲ್ಲಿ ಅಕ್ಕಿ ಗಿಕ್ಕಿ ಹಾಕಂಗಿಲ್ಲ" ಎಂದ ಅವನು.

"ಚರ್ಚಾದ್ರೇನ್ರೀ, ಹೆಣ್ಣುಮಗಳಲ್ಲೇನು? ಬರಿ ಉಡೀಲಿ ಮಲಗ್ಸೀರಲ್ಲ."

ಅವನು ನಕ್ಕು ಒಂದು ಹೆಜ್ಜೆ ಹಿಂದೆ ಸರಿದ.

ಉಡಿ ತುಂಬುವಾಗ ಹಾಡು ಬೇಕೇ ಬೇಕು. ರೂಢಿಯ ಬಲದಲ್ಲಿ ಚಿಗವ್ವ ಒಂದು ಸಾಲು ಎತ್ತಿಬಿಟ್ಟಳು. ಮರುಕ್ಷಣ ಗಾಬರಿಯಾಗಿ ನಿಲ್ಲಿಸಿದಳು.

ಎರಡನೆಯ ಸಾಲು ಬಂತು.

ಮಾರ್ದನಿ ಎನ್ನುವಿರಿ. ನಾನೂ ಹಾಗೆಂದುಕೊಂಡೆ. ಆದರೆ ಮಾರ್ದನಿಯಾಗಿದ್ದರೆ ಮೊದಲ ಸಾಲೇ ಮರಳಬೇಕಿತ್ತು. ಇದು ಮುಂದಿನ ಸಾಲು. ಕೊನೆಗೆ ಉಸಿರು ಸಾಲದೆ ದನಿ ತುಸು ಇಳಿಯುವುದು ಅವ್ವನದೇ ರೀತಿ. ಅಲ್ಲಿದ್ದದ್ದು ನಾವು ಮೂವರೇ. ನನಗೆ ಹಾಡಲು ಬಾರದು. ಕಾವಲುಗಾರ ಮೆಟ್ಟಿಲ ಕಡೆ ತಿರುಗಿ, "ಇನ್ನೊಬ್ರು ಎಲ್ಲವ್ರೆ?" ಎಂದು ಕೇಳಿದ.

ಚಿಗವ್ವ ಹೆದರಲಿಲ್ಲ. ಗಂಟಲು ಬಿಚ್ಚಿ ಮೂರನೆಯ ಸಾಲು ಎತ್ತಿದಳು. ಹಾಡು ಮುಗಿಯುವ ತನಕ ಆ ಕಡೆಯಿಂದ ಸಾಲು ಬರುತ್ತಲೇ ಇತ್ತು. ಹೊರಗೆ ಬಿಸಿಲಿಗೆ ಬಂದಾಗ ಅವಳು, "ನಿಮ್ಮವ್ವ ಇನ್ನೂ ಉಸಿರು ನುಂಗ್ತಾಳೆ ನೋಡು" ಎಂದು ನಕ್ಕಳು.

ಮದುವೆಯ ದಿನ ಚಪ್ಪರದಲ್ಲಿ ಚಿಗವ್ವ ಒಂದು ಸಾಲು ಎತ್ತುವಳು, ಇನ್ನೊಂದು ಸಾಲಿನಷ್ಟು ಹೊತ್ತು ತಲೆದೂಗುತ್ತ ಕಾಯುವಳು, ಮತ್ತೆ ಎತ್ತುವಳು. ಎಲ್ಲೂ ತಪ್ಪದೆ ಕೊನೆಮುಟ್ಟಿಸಿದಳು. ಹೆಂಗಸರೆಲ್ಲ ಎದ್ದು ನಿಂತು ಕೇಳಿದರು. ಅವಳು ಸುಮ್ಮನಿದ್ದಾಗ ನನಗೇನೂ ಕೇಳಿಸಲಿಲ್ಲ. ಮೈಸೂರಿನಲ್ಲಿ ಹಿಡಿದವರು ಯಾರೆಂದು ಇಂದಿಗೂ ನಾನು ಹೇಳಲಾರೆ. ಮಗಳು ಮಾತ್ರ ತನ್ನ ಮದುವೆಯಲ್ಲಿ ಇಬ್ಬರು ಹಾಡಿದರೆಂದೇ ಹೇಳುತ್ತಾಳೆ.